ನಾಟಿ ಲಿಲ್ಲಿ

ನರ್ಸರಿ ನಡೆಸುವವನಿಗೆ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಬೋರ್‌ವೆಲ್ ನೀರು ಇವಿಷ್ಟಿದ್ದರೆ ಸಾಕೆಂದು ಹೊರಗಿನವರು ತಿಳಿದಿರುತ್ತಾರೆ. ಇವೆಲ್ಲಕ್ಕಿಂತ ಮುಖ್ಯವಾಗಿ ‘ಗೊತ್ತಿಲ್ಲ’ ಎಂಬ ಮಾತು ಬಾಯಿಂದ ಹೊರಬೀಳದಂತೆ ತಡೆಯುವ ಶಕ್ತಿ ಇರಬೇಕು. ಗಿರಾಕಿ ಒಂದು ಗಿಡದ ಕಡೆ ಬೆರಳು ತೋರಿಸಿ ‘ಇದೇನು?’ ಎಂದರೆ ಒಂದು ಉಸಿರಿನೊಳಗೆ ಹೆಸರು ಬರಬೇಕು. ಎರಡನೆಯ ಉಸಿರು ಎಳೆದುಕೊಂಡರೆ ಅವನು ಪಕ್ಕದ ನರ್ಸರಿಯ ಗೇಟಿನಲ್ಲಿರುತ್ತಾನೆ. ಹೆಸರು ಸರಿಯೋ ತಪ್ಪೋ ಎಂಬುದು ಆಮೇಲಿನ ಮಾತು. ಗಿಡವೇನೂ ಎದ್ದು ನಿಂತು ‘ನನ್ನ ಹೆಸರು ಅದಲ್ಲ’ ಎನ್ನುವುದಿಲ್ಲವಲ್ಲ. ಈ ಧೈರ್ಯದ ಮೇಲೆಯೇ ನಾನು ವಿದ್ಯಾರಣ್ಯಪುರದ ಆಚೆ ಮೂವತ್ತು ವರ್ಷಗಳಿಂದ ಗಿಡ ಮಾರಿಕೊಂಡು, ‘ಗಿಡದ ಮುನಿರಾಜು’ ಎಂದು ಹೆಸರು ತೆಗೆದುಕೊಂಡಿದ್ದೇನೆ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಹೆಬ್ಬಾಳದ ಹತ್ತಿರ ನಮ್ಮ ಸೋದರಮಾವನ ನರ್ಸರಿಯಲ್ಲಿ ಪ್ಲಾಸ್ಟಿಕ್ ಕವರಿಗೆ ಮಣ್ಣು ತುಂಬುವ ಕೆಲಸದಿಂದ ಶುರು ಮಾಡಿದೆ. ಗಿಡಗಳ ಹೆಸರನ್ನೆಲ್ಲ ಕಿವಿಯಿಂದ ಕಲಿತೆ. ಬೋಗನ್‌ವಿಲ್ಲಾ ಎಂಬುದು ವಿಲ್ಲಾ ಇರುವವರು ಮಾತ್ರ ಹಾಕುವ ಗಿಡವೆಂದು ಬಹಳ ದಿನ ತಿಳಿದಿದ್ದೆ. ಬಾಡಿಗೆ ಮನೆಯವರು ಬಂದರೆ ಅದನ್ನು ತೋರಿಸುತ್ತಲೇ ಇರಲಿಲ್ಲ. ಆದರೆ ಒಂದು ಮಾತು ಹೇಳುತ್ತೇನೆ, ಜಂಬ ಎಂದುಕೊಂಡರೂ ಪರವಾಗಿಲ್ಲ: ನಾನು ನೆಟ್ಟ ಗಿಡ ಸಾಯುವುದಿಲ್ಲ. ಹೆಸರು ಓದಿಕೊಂಡು ಬಂದವರ ಗಿಡಗಳು ಬಾಲ್ಕನಿಯಲ್ಲಿ ಒಣಗಿ ನಿಂತಿರುವುದನ್ನು ಯಲಹಂಕದಿಂದ ಆರ್.ಟಿ. ನಗರದವರೆಗೆ ನೋಡಿದ್ದೇನೆ.

ತೊಂದರೆ ಶುರುವಾದದ್ದು ‘ನೇಟಿವ್’ ಎಂಬ ಪದದಿಂದ. ನಮ್ಮ ಬೆಂಗಳೂರಿನಲ್ಲಿ ಈ ಪದಕ್ಕೆ ಇರುವುದು ಒಂದೇ ಅರ್ಥ. ‘ನಿಮ್ಮ ನೇಟಿವ್ ಯಾವ್ದು?’ ಎಂದು ಕೇಳುತ್ತಾರೆ; ಹಾಸನ, ಸೇಲಂ, ಕಡಪ ಎಂದು ಉತ್ತರ ಬರುತ್ತದೆ. ನನ್ನನ್ನು ಕೇಳಿದರೆ ‘ಇದೇ’ ಎನ್ನುತ್ತೇನೆ. ‘ಅಲ್ಲಾ ಸಾರ್, ಅದಕ್ಕೆ ಮುಂಚೆ?’ ‘ಅದಕ್ಕೆ ಮುಂಚೇನೂ ಇದೇ.’ ‘ನಿಮ್ಮ ತಾತ ಎಲ್ಲಿಯವ್ರು?’ ‘ಅಗೋ, ಆ ಅಪಾರ್ಟ್‌ಮೆಂಟಲ್ಲಿ ಸ್ವಿಮ್ಮಿಂಗ್ ಪೂಲ್ ಇದ್ಯಲ್ಲ, ಅಲ್ಲಿ ರಾಗಿ ಬೆಳೀತಿದ್ರು.’ ಇಷ್ಟು ಹೇಳಿದ ಮೇಲೆ ಕೇಳಿದವರಿಗೆ ನನ್ನ ಮೇಲೆ ಅನುಮಾನ ಬರುತ್ತದೆ. ಏನೋ ಮುಚ್ಚಿಡುತ್ತಿದ್ದಾನೆ, ಸ್ವಂತ ಊರನ್ನು ಹೇಳಿಕೊಳ್ಳಲು ನಾಚಿಕೆಪಡುತ್ತಿದ್ದಾನೆ ಎಂದುಕೊಳ್ಳುತ್ತಾರೆ.

ಹೀಗಿರುವಾಗ ಒಂದು ಬೆಳಿಗ್ಗೆ ಪದ್ಮಿನಿ ಮೇಡಂ ಬಂದರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು, ಪಕ್ಕದ ಲೇಔಟಿನವರು, ನನ್ನ ಹಳೆಯ ಗಿರಾಕಿ. ನಿವೃತ್ತಿಯಾದ ಮೇಲೆ ಕೆಲವರು ದೇವರ ಕಡೆ ತಿರುಗುತ್ತಾರೆ, ಕೆಲವರು ಸಕ್ಕರೆ ಕಾಯಿಲೆಯ ಕಡೆ. ಮೇಡಂ ಗಿಡಗಳ ಕಡೆ ತಿರುಗಿದ್ದರು.

‘ಮುನಿರಾಜು ಅವ್ರೇ, ನಂಗೆ ನೇಟಿವ್ ಲಿಲ್ಲಿ ಬೇಕು’ ಎಂದರು.

‘ನಿಮ್ಮ ನೇಟಿವ್ ಯಾವ್ದು ಮೇಡಂ?’ ಎಂದೆ.

‘ನಂದಲ್ಲ ಕಣ್ರೀ, ಲಿಲ್ಲಿದು. ಈ ಮಣ್ಣಲ್ಲೇ ಹುಟ್ಟಿ, ಈ ಮಣ್ಣಲ್ಲೇ ಬೆಳೆದಿರೋದು.’

‘ಓ, ನಾಟೀನಾ! ಹಂಗೆ ಹೇಳಿ ಮತ್ತೆ.’

ನಾಟಿ ಕೋಳಿ, ನಾಟಿ ಟೊಮೇಟೊ, ನಾಟಿ ಕೊತ್ತಂಬರಿ ಇವೆಲ್ಲ ಇರುವಾಗ ನಾಟಿ ಲಿಲ್ಲಿ ಯಾಕಿರಬಾರದು? ಇನ್ನು ಲಿಲ್ಲಿ ಎಂದರೆ ನರ್ಸರಿ ಲೋಕದಲ್ಲಿ ಕೆಳಗೆ ಈರುಳ್ಳಿ, ಮೇಲೆ ಹೂವು, ಅಷ್ಟೇ. ಮಳೆ ಬಿದ್ದರೆ ಸಾಕು, ಗುಲಾಬಿ ಬಣ್ಣದಲ್ಲಿ ಅರಳುವ ಒಂದು ಲಿಲ್ಲಿ ನನ್ನ ಹತ್ತಿರ ಬೇಕಾದಷ್ಟಿತ್ತು. ಎತ್ತಿ ಕೊಟ್ಟೆ.

‘ಇದು ಗ್ಯಾರಂಟಿ ನಾಟೀನಾ?’ ಎಂದು ಮೇಡಂ ಕೇಳಿದರು.

‘ಏನ್ ಮೇಡಂ ಹಿಂಗ್ ಕೇಳ್ತೀರಾ? ನಾನೇ ಕೈಯಾರೆ ನಾಟಿ ಮಾಡಿರೋದು!’

ಇದರಲ್ಲಿ ಸುಳ್ಳಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಕನ್ನಡ ಭಾಷೆಯೇ ಹಾಗಿದ್ದರೆ ನಾನೇನು ಮಾಡಲಿ?

ನಾಲ್ಕು ದಿನಕ್ಕೆ ಮೇಡಂ ವಾಪಸು ಬಂದರು. ಜೊತೆಯಲ್ಲಿ ಶ್ರೀಧರ್ ಸಾರ್ ಇದ್ದರು, ಅದೇ ಲೇಔಟಿನ ನಿವೃತ್ತ ಇಂಜಿನಿಯರು. ಅವರ ಫೋನಿನಲ್ಲಿ ಒಂದು ಆ್ಯಪ್ ಇದೆಯಂತೆ. ಗಿಡಕ್ಕೆ ಹಿಡಿದರೆ ಅದರ ಕುಲಗೋತ್ರ ಎಲ್ಲ ಹೇಳುತ್ತದಂತೆ. ನನ್ನ ನಾಟಿ ಲಿಲ್ಲಿಗೆ ಹಿಡಿದು ತೋರಿಸಿದರು. ‘ಇದು ಅಮೆರಿಕಾದ್ದು ಕಣ್ರೀ.’

‘ಸಾರ್, ನಿಮ್ಮ ಫೋನ್ ಎಲ್ಲಿಯದು?’ ಎಂದೆ.

ಇಂಥ ಮಾತಿನಿಂದ ನನ್ನ ಎದುರಿಗಿರುವವರ ಬಾಯಿ ಮುಚ್ಚಿಸಬಹುದು, ಆದರೆ ವಾಟ್ಸಾಪ್ ಗ್ರೂಪಿನ ಬಾಯಿ ಮುಚ್ಚಿಸಲಾಗುವುದಿಲ್ಲ. ಲೇಔಟಿನಲ್ಲಿ ಇವರು ‘ನಮ್ಮ ನೆಲ ನಮ್ಮ ಗಿಡ’ ಎಂದು ಒಂದು ಗ್ರೂಪು ಮಾಡಿಕೊಂಡಿದ್ದರು. ಅದರ ಅರ್ಧ ಜನ ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗಿನ ಜೊತೆ ಹಾಲೆಂಡಿನ ಟ್ಯೂಲಿಪ್ ಹೂ ಕಳಿಸುತ್ತಾರೆ, ಅದು ಬೇರೆ ವಿಷಯ. ಅಲ್ಲಿ ಯಾರೋ ಬರೆದಿದ್ದರು. ಮೇಡಂ ಮುಜುಗರಪಡುತ್ತಲೇ ಓದಿ ಹೇಳಿದರು: ‘ಆ ನರ್ಸರಿಯವನು ಎಲ್ಲ ಗಿಡಕ್ಕೂ ಬಾಯಿಗೆ ಬಂದ ಹೆಸರು ಹೇಳ್ತಾನೆ. ಅವನಿಗೆ ಏನೂ ಗೊತ್ತಿಲ್ಲ.’

ಸುಳ್ಳು ಮಾತಾಗಿದ್ದರೆ ನಕ್ಕುಬಿಡುತ್ತಿದ್ದೆ. ಅರ್ಧ ನಿಜವಾಗಿದ್ದರಿಂದ ಉರಿ ಹತ್ತಿತು.

‘ಮೇಡಂ, ಈ ಭಾನುವಾರ ನಿಮ್ಮ ಗ್ರೂಪಿನವ್ರನ್ನೆಲ್ಲ ಕರ್ಕೊಂಡ್ ಬನ್ನಿ. ರಾಜಾನುಕುಂಟೆ ಆಚೆ ಕುರುಚಲು ಗುಡ್ಡ ಇದೆ. ಅಲ್ಲಿ ಐದು ಥರದ ಕಾಡು ಲಿಲ್ಲಿ ತೋರಿಸ್ತೀನಿ. ಅಪ್ಪಟ ಈ ಮಣ್ಣಿನವು. ತೋರಿಸ್ದೇ ಇದ್ರೆ ನಾಳೆಯಿಂದ ನನ್ನನ್ನ ಗಿಡದ ಮುನಿರಾಜು ಅಂತ ಕರೀಬೇಡಿ.’

ಐದು ಎಂದು ಯಾಕೆ ಹೇಳಿದೆನೋ ನನಗೂ ಗೊತ್ತಿಲ್ಲ. ಕೈಯೆತ್ತಿ ಮಾತಾಡುತ್ತಿದ್ದೆ, ಕೈಯಲ್ಲಿ ಐದು ಬೆರಳಿದ್ದವು. ಮೇಡಂಗೆ ಬಹಳ ಸಂತೋಷವಾಯಿತು. ‘ನಮ್ಮ ಪಾರ್ಕಿನ ಗೇಟಲ್ಲಿ ಒಂದು ಬೋರ್ಡು ಹಾಕಿಸ್ತೀವಿ. ಐದೂ ಲಿಲ್ಲಿಯ ಫೋಟೋ, ಹೆಸರು. ಕೆಳಗೆ ಗುರುತಿಸಿದವರು ಅಂತ ನಿಮ್ಮ ಹೆಸರು’ ಎಂದರು. ಶ್ರೀಧರ್ ಸಾರ್, ‘ಮೊದ್ಲು ತೋರಿಸ್ಲಿ’ ಎಂದರು. ಅಲ್ಲಿಗೆ ವಿಷಯ ಖಚಿತವಾಯಿತು: ತೋರಿಸಿದರೆ ನನ್ನ ಹೆಸರು ಬೋರ್ಡಿನ ಮೇಲೆ, ಇಲ್ಲದಿದ್ದರೆ ಗ್ರೂಪಿನಲ್ಲಿ.

ಈಗ ನನ್ನ ಹೆಂಡತಿಯ ವಿಷಯ ಹೇಳಬೇಕು. ರತ್ನಳ ತವರು ಆ ಗುಡ್ಡದ ಬುಡದ ಹಳ್ಳಿ. ಮದುವೆಯಾಗುವವರೆಗೂ ಅಲ್ಲಿ ಮೇಕೆ ಮೇಯಿಸಿದವಳು. ಗುಡ್ಡದ ಒಂದೊಂದು ಗಿಡವೂ ಅವಳಿಗೆ ಗೊತ್ತು: ಮೇಕೆ ತಿನ್ನುವುದು ಯಾವುದು, ಮೇಕೆ ತಿಂದರೆ ಸಾಯುವುದು ಯಾವುದು ಎಂದು. ಅವಳನ್ನು ಕೇಳಿದ್ದರೆ ಅನ್ನ ಬಸಿಯುವಷ್ಟರಲ್ಲಿ ಐದಲ್ಲ, ಎಂಟು ಹೇಳುತ್ತಿದ್ದಳು. ಆದರೆ ಕೇಳುವುದು ಹೇಗೆ? ಮೂವತ್ತು ವರ್ಷದಿಂದ ಅವಳು ‘ಈ ಗಿಡ ಇಂಗಲ್ಲ ಕಣ್ರೀ’ ಎಂದಾಗಲೆಲ್ಲ ‘ಮೇಕೆ ಶಾಸ್ತ್ರ ಬೇರೆ, ನರ್ಸರಿ ಶಾಸ್ತ್ರ ಬೇರೆ’ ಎಂದು ಬಾಯಿ ಮುಚ್ಚಿಸಿದ್ದೆ. ಅಂಥ ಶಾಸ್ತ್ರಜ್ಞ ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಳ್ಳುವುದೆಂದರೆ ಏನರ್ಥ? ಅದಕ್ಕೆ ಗುರುವಾರ ಒಬ್ಬನೇ ಗುಡ್ಡಕ್ಕೆ ಹೋದೆ.

ಮೇ ತಿಂಗಳ ಕೊನೆ. ನಾಲ್ಕೈದು ಮಳೆ ಬಿದ್ದಿತ್ತು. ಕಗ್ಗಲಿ, ಜಾಲಿ, ಬಂದರಿಕೆ ಮುಂತಾದ ಪೊದೆಗಳ ನಡುವೆ ಕಲ್ಲುನೆಲ; ಅಲ್ಲಲ್ಲಿ ಹಸಿರು ಮೂಗು ಹೊರಗೆ ಹಾಕಿತ್ತು. ಗೌರಿ ಹೂವಿನ ಬಳ್ಳಿ ನನಗೆ ಗೊತ್ತೇ ಇತ್ತು. ಹೂ ಬಿಡಲು ಇನ್ನೂ ತಿಂಗಳುಗಳಿದ್ದರೂ ಎಲೆಯ ತುದಿ ಮೀಸೆಯ ಹಾಗೆ ಸುರುಳಿ ಸುತ್ತಿಕೊಂಡು ಆಸರೆ ಹುಡುಕುತ್ತದೆ. ಅದು ಒಂದು. ಅಗಲ ಪಟ್ಟಿಯಂಥ ದಪ್ಪ ಎಲೆಗಳ ಗೊಂಚಲು, ಕಾಡು ಈರುಳ್ಳಿ, ಅದೂ ಗೊತ್ತಿತ್ತು. ಅದರಿಂದ ಸ್ವಲ್ಪ ದೂರದಲ್ಲಿ ಎಲೆಯೇ ಇಲ್ಲದೆ ಸೊಂಟದೆತ್ತರ ಒಂದು ಕೋಲು ನೆಲದಿಂದ ನೆಟ್ಟಗೆ ಎದ್ದು, ಮೇಲಕ್ಕೆ ಮಂಕು ಬಿಳಿಯ ಸಣ್ಣ ಹೂಗಳನ್ನು ಇಟ್ಟುಕೊಂಡಿತ್ತು. ಹೆಸರು ಗೊತ್ತಿರಲಿಲ್ಲ. ‘ಕೋಲು ಲಿಲ್ಲಿ’ ಎಂದು ಅಲ್ಲೇ ನಾಮಕರಣ ಮಾಡಿದೆ. ಮೂರಾಯಿತು.

ಉಳಿದವು ಬಿಳಿ ಮುಸಲಿ, ಕರಿ ಮುಸಲಿ. ಹೆಸರುಗಳನ್ನು ನಾಟಿ ಔಷಧಿಯವರ ಬಾಯಲ್ಲಿ ಕೇಳಿದ್ದೆ, ಗಿಡ ನೋಡಿರಲಿಲ್ಲ. ಅಲ್ಲಿ ಎರಡು ಗಿಡ ಸಿಕ್ಕವು: ಒಂದಕ್ಕೆ ನಕ್ಷತ್ರದಂಥ ಬಿಳಿ ಹೂ, ಇನ್ನೊಂದಕ್ಕೆ ನೆಲಕ್ಕೆ ಅಂಟಿಕೊಂಡಂತೆ ಹಳದಿ ಹೂ. ದಡ್ಡನಾಗಿದ್ದರೆ ಬಿಳಿ ಹೂವಿನದನ್ನೇ ಬಿಳಿ ಮುಸಲಿ ಎಂದುಬಿಡುತ್ತಿದ್ದ. ನಾನು ಯೋಚಿಸುವವನು. ನಮ್ಮೂರಲ್ಲಿ ಬಿಳಿಯಪ್ಪ ಎಂಬುವನಿದ್ದ, ಕಾವಲಿಯ ತಳದಷ್ಟು ಕಪ್ಪು. ಕರಿಯಮ್ಮ ಹಾಲಿನಂಥ ಬಣ್ಣದವಳು. ಹಿರಿಯರು ಹೆಸರಿಡುವುದೇ ಹಾಗೆ, ದೃಷ್ಟಿ ತಾಗದಿರಲೆಂದು ತಿರುಗಿಸಿ ಇಡುತ್ತಾರೆ. ಆದ್ದರಿಂದ ಬಿಳಿ ಹೂವಿನದು ಕರಿ ಮುಸಲಿ, ಹಳದಿ ಹೂವಿನದು ಬಿಳಿ ಮುಸಲಿ ಎಂದು ತೀರ್ಮಾನಿಸಿದೆ. ಐದೂ ಆಯಿತು. ಭಾನುವಾರ ತಡಕಾಡಬಾರದೆಂದು ಹಳೆಯ ಕೆಂಪು ಟವೆಲ್ಲನ್ನು ಹರಿದು ಐದು ಕಡೆ ಪೊದೆಗೆ ಕಟ್ಟಿ ಬಂದೆ.

ಭಾನುವಾರ ಬೆಳಿಗ್ಗೆ ಹದಿನೈದು ಜನ ಕಾರುಗಳಲ್ಲಿ ಬಂದರು. ಎಲ್ಲರ ತಲೆಯ ಮೇಲೂ ಟೋಪಿ, ಕಾಲಿಗೆ ಹಿಮಾಲಯ ಹತ್ತುವ ಬೂಟು. ಗುಡ್ಡ ಮಾತ್ರ ಹೆಬ್ಬಾಳದ ಫ್ಲೈಓವರಿಗಿಂತ ಸ್ವಲ್ಪ ಎತ್ತರ. ಪದ್ಮಿನಿ ಮೇಡಂ ಹಿಂದಿನ ದಿನವೇ ಫೋನು ಮಾಡಿ, ‘ಮನೆಯವ್ರನ್ನೂ ಕರ್ಕೊಂಡ್ ಬನ್ನಿ, ಅವ್ರ ತವರೂರೇ ಅಂತಲ್ಲ’ ಎಂದಿದ್ದರಿಂದ ರತ್ನಳೂ ಸ್ಕೂಟರಿನ ಹಿಂದೆ ಕೂತು ಬಂದಿದ್ದಳು. ಬರುವ ದಾರಿಯಲ್ಲಿ ನಾನು ಒಂದೇ ಮಾತು ಹೇಳಿದ್ದೆ: ‘ಅಲ್ಲಿ ದೊಡ್ಡೋರೆಲ್ಲ ಇರ್ತಾರೆ. ನೀನು ಬಾಯಿ ಬಿಡ್ಬೇಡ.’ ಅವಳು ‘ಊಂ’ ಎಂದಿದ್ದಳು.

ಮೊದಲನೆಯ ಟವೆಲ್ ಚೂರಿನ ಹತ್ತಿರ ನಿಂತು ಗೌರಿ ಹೂವಿನ ಎಲೆಯ ಮೀಸೆಯನ್ನು ತೋರಿಸಿದೆ. ‘ಗೆಡ್ಡೆ ವಿಷ, ಮುಟ್ಬೇಡಿ’ ಎಂದೆ. ಹದಿನೈದು ಜನ ಎರಡು ಹೆಜ್ಜೆ ಹಿಂದೆ ಸರಿದರು. ಗೌರವ ಎಂದರೆ ಹಾಗಿರಬೇಕು. ಎರಡನೆಯದಾಗಿ ಕೋಲು ಲಿಲ್ಲಿ. ಮೇಡಂ ಪುಸ್ತಕದಲ್ಲಿ ಬರೆದುಕೊಂಡರು. ಶ್ರೀಧರ್ ಸಾರ್ ಫೋನು ಹಿಡಿದರು; ಫೋನು ಸ್ವಲ್ಪ ಹೊತ್ತು ಚಕ್ರ ತಿರುಗಿಸಿ, ನೆಟ್‌ವರ್ಕ್ ಇಲ್ಲ ಎಂದಿತು. ನನಗಿಂತ ಪ್ರಾಮಾಣಿಕವಾದ ಯಂತ್ರ. ಮೂರನೆಯದಾಗಿ ಬಿಳಿ ಹೂವಿನ ಕರಿ ಮುಸಲಿ, ನಾಲ್ಕನೆಯದಾಗಿ ಹಳದಿ ಹೂವಿನ ಬಿಳಿ ಮುಸಲಿ. ‘ಹೆಸರಿಗೂ ಬಣ್ಣಕ್ಕೂ ಸಂಬಂಧ ಇಲ್ವಾ?’ ಎಂದು ಒಬ್ಬರು ಕೇಳಿದರು. ಬಿಳಿಯಪ್ಪನ ಕಥೆ ಹೇಳಿದೆ. ಎಲ್ಲರೂ ನಕ್ಕರು. ರತ್ನಳೊಬ್ಬಳು ನಗಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ಬೇರೆ ಕಡೆ ನೋಡುತ್ತಿದ್ದಳು. ಬಿಸಿಲಿಗಿರಬಹುದು ಎಂದುಕೊಂಡೆ.

‘ಐದನೇದು ಕಾಡು ಈರುಳ್ಳಿ’ ಎಂದು ದಪ್ಪ ಎಲೆಯ ಗೊಂಚಲನ್ನು ತೋರಿಸಿದೆ. ‘ಅಲ್ಲಿಗೆ ಐದಾಯ್ತು ನೋಡಿ ಮೇಡಂ!’

ಚಪ್ಪಾಳೆ ಶುರುವಾಗುವುದರಲ್ಲಿತ್ತು. ಆಗ ಶ್ರೀಧರ್ ಸಾರ್ ನನ್ನನ್ನು ಬಿಟ್ಟು ನೇರವಾಗಿ ರತ್ನಳನ್ನೇ ಕೇಳಿದರು. ‘ಏನಮ್ಮಾ, ನಿಮ್ಮೂರ ಗುಡ್ಡ ಅಲ್ವಾ ಇದು? ಈ ಈರುಳ್ಳಿ ನೀವು ನೋಡಿದ್ರಾ?’

‘ನೋಡ್ದೆ ಏನು ಸಾಮೀ. ಕಾಲಲ್ಲಿ ಆಣಿ ಆದ್ರೆ ಇದುನ್ನೇ ಸುಟ್ಟು ಕಟ್ತಿದ್ದಿದ್ದು. ಅಗಾ, ಆ ಕೋಲೂ ಇದೇಯಾ.’

‘ಯಾವ ಕೋಲು?’

‘ಅದೇ, ಇವ್ರು ಕೋಲು ಲಿಲ್ಲಿ ಅಂದ್ರಲ್ಲ ಅದು.’

‘ಸುಮ್ನಿರೇ, ನಿಂಗೇನ್ ಗೊತ್ತು’ ಎಂದೆ. ‘ಅದಕ್ಕೆ ಎಲೆ ಇಲ್ಲ, ಇದಕ್ಕೆ ಹೂವಿಲ್ಲ. ಎರಡೂ ಒಂದೇ ಹೆಂಗಾಗುತ್ತೆ?’

‘ಅದ್ಕೇ ಕಣ್ರೀ ಒಂದೇ! ಊವಿದ್ದಾಗ ಎಲೆ ಇರಾಕಿಲ್ಲ, ಎಲೆ ಬಂದಾಗ ಊವು ಇರಾಕಿಲ್ಲ. ಒಂದ್ರ ಮುಖ ಒಂದು ನೋಡಾಕಿಲ್ಲ. ಇದು ಮುಂಚೆ ಊ ಬಿಟ್ಟು ಈಗ ಎಲೆ ಬಿಟ್ಟೈತೆ. ಅದು ತಡವಾಗಿ ಬಿಟ್ಟೈತೆ, ಅಷ್ಟೇಯಾ.’

ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ಬಗ್ಗಿ, ದಪ್ಪ ಎಲೆಗಳನ್ನು ಎರಡು ಕೈಯಿಂದ ಅಗಲಿಸಿದಳು. ಬುಡದಲ್ಲಿ ಹಳೆಯ ಹೂವಿನ ಕೋಲು ಒಣಗಿ, ಮುರಿದು, ಮೋಟಾಗಿ ಇನ್ನೂ ಅಂಟಿಕೊಂಡಿತ್ತು. ಹದಿನೈದು ಟೋಪಿಗಳು ಒಟ್ಟಿಗೆ ಬಗ್ಗಿ ನೋಡಿದವು. ಆಮೇಲೆ ಒಟ್ಟಿಗೆ ಎದ್ದು ನನ್ನನ್ನು ನೋಡಿದವು.

‘ಹಂಗಾದ್ರೆ ನಾಲ್ಕೇ ಆಯ್ತು’ ಎಂದರು ಶ್ರೀಧರ್ ಸಾರ್. ಅವರ ಮುಖದಲ್ಲಿ ನೆಟ್‌ವರ್ಕ್ ಬಂದಿತ್ತು.

‘ಐದನೇದು ಇವ್ರ ಕಾಲ ಕೆಳಗೈತೆ’ ಎಂದಳು ರತ್ನ.

ಕಾಲೆತ್ತಿದೆ. ನನ್ನ ಚಪ್ಪಲಿಯ ಕೆಳಗೆ ನೇರಳೆ ಚುಕ್ಕೆಗಳ ಪುಟ್ಟ ಎಲೆಗಳು ನೆಲಕ್ಕೆ ಒತ್ತಿಕೊಂಡು ಬಿದ್ದಿದ್ದವು. ಪಕ್ಕದಲ್ಲಿ ಅಂಥವೇ ಇನ್ನೂ ಹತ್ತು, ಸಣ್ಣ ಹೂ ಗೊಂಚಲು ಬೇರೆ. ಬೆಳಿಗ್ಗೆಯಿಂದ ಎಲ್ಲರೂ ಅವನ್ನು ತುಳಿದುಕೊಂಡೇ ಲಿಲ್ಲಿ ಹುಡುಕಿದ್ದೆವು. ‘ನಾವು ಚುಕ್ಕಿ ಗೆಡ್ಡೆ ಅಂತೀವಿ. ಓದ್ದೋರು ಏನಂತಾರೋ ನಾ ಕಾಣೆ’ ಎಂದಳು.

ಆ ಕ್ಷಣ ನನಗೆ ಬೇಕಾಗಿದ್ದದ್ದು ಒಂದೇ: ನೆಲ ಬಾಯಿಬಿಟ್ಟು ನನ್ನನ್ನು ಗೆಡ್ಡೆಯ ಹಾಗೆ ಒಳಗೆ ತೆಗೆದುಕೊಳ್ಳಬೇಕು. ಆದರೆ ಪದ್ಮಿನಿ ಮೇಡಂ ದೊಡ್ಡ ಮನಸ್ಸಿನವರು. ಜನರಲ್ಲಿ ಒಳ್ಳೆಯದನ್ನೇ ಕಾಣುವುದು ಅವರಿಗೆ ಅಭ್ಯಾಸವಾಗಿಬಿಟ್ಟಿದೆ. ಕಣ್ಣರಳಿಸಿ, ‘ಓಹೋ! ಮುನಿರಾಜು ಅವ್ರೇ, ಬೇಕಂತಲೇ ತಪ್ಪು ಹೇಳಿ ನಮ್ಮನ್ನ ಟೆಸ್ಟ್ ಮಾಡ್ತಿದ್ರಾ?’ ಎಂದರು.

ರತ್ನ ನನ್ನನ್ನು ನೋಡಿದಳು. ಹದಿನೈದು ಜನ ನೋಡಿದರು. ನಿಜ ಹೇಳಲು ಒಂದು ಉಸಿರಿನಷ್ಟು ಸಮಯವಿತ್ತು.

‘ಹೂಂ ಮೇಡಂ’ ಎಂದೆ.

ಚಪ್ಪಾಳೆ ಹೊಡೆದರು. ಒಬ್ಬರಂತೂ, ‘ಗಂಡ ಹೆಂಡ್ತಿ ಇಬ್ರೂ ಸೇರಿ ನಾಟಕದ ಥರಾ ಕಲಿಸಿಕೊಟ್ರಿ’ ಎಂದು ಕೈ ಕುಲುಕಿದರು. ಶ್ರೀಧರ್ ಸಾರ್ ಮಾತ್ರ ಕುಲುಕಲಿಲ್ಲ.

ವಾಪಸು ಬರುವಾಗ ರತ್ನ ಸ್ಕೂಟರಿನ ಹಿಂದೆ ಕೂತಿದ್ದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಯಲಹಂಕದ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಹಿಂದಿನಿಂದ ಮೆತ್ತಗಿನ ದನಿ ಬಂತು.

‘ರೀ, ಇನ್ನೂ ಎಲ್ಡು ತಪ್ಪು ಏಳಿದ್ರಲ್ಲ, ಅವೂ ಟೆಸ್ಟೇನಾ?’

ಹಸಿರು ದೀಪ ಬಿದ್ದದ್ದು ನನಗೆ ಕಾಣಲಿಲ್ಲ. ಹಿಂದಿನ ಟೆಂಪೋದವನು ಹಾರ್ನ್ ಹೊಡೆದ ಮೇಲೇ ಗಾಡಿ ಮುಂದಕ್ಕೆ ಹೋಯಿತು.

ಯಾವ ಎರಡು ಎಂದು ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಆದರೆ ಹದಿನೈದು ಜನರ ಮುಂದೆ ಪರೀಕ್ಷಕನಾಗಿದ್ದವನು ಅರ್ಧ ಗಂಟೆಯಲ್ಲಿ ಹೋಗಿ ಉತ್ತರ ಪತ್ರಿಕೆ ಕೇಳುವುದುಂಟೇ? ಅತ್ತ ಮೇಡಂ ಪಟ್ಟಿಯನ್ನು ಬೋರ್ಡು ಬರೆಯುವವನಿಗೆ ಕೊಟ್ಟಾಗಿತ್ತು. ಬೋರ್ಡು ಎದ್ದ ಮೇಲೆ ಯಾರಾದರೂ ತಿಳಿದವರು ನೋಡಿದರೆ? ನನ್ನ ತಪ್ಪು ಇಷ್ಟು ವರ್ಷ ಗಾಳಿಯಲ್ಲಿ ಹೋಗುತ್ತಿತ್ತು. ಈಗ ತಗಡಿನ ಮೇಲೆ ಬಣ್ಣದಲ್ಲಿ ನಿಲ್ಲುತ್ತದೆ, ಕೆಳಗೆ ನನ್ನ ಹೆಸರು. ಆ ವಾರ ಎರಡು ಸಲ ಗುಡ್ಡಕ್ಕೆ ಹೋದೆ. ಐದೂ ಗಿಡಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಅವೂ ನನ್ನನ್ನು ನೋಡಿದವು. ಒಂದಾದರೂ ತಾನು ತಪ್ಪು ಎಂದು ಒಪ್ಪಿಕೊಳ್ಳಲಿಲ್ಲ. ಶನಿವಾರಕ್ಕೆ ಊಟ ಸೇರದಂತಾಯಿತು. ತಟ್ಟೆಯ ಮುದ್ದೆಯನ್ನು ಮುರಿಯುತ್ತಾ, ಮುರಿಯುತ್ತಾ, ಕೊನೆಗೆ ಹೇಳಿದೆ:

‘ರತ್ನಾ, ಆ ಬೋರ್ಡು ಬರೆಯೋದು ನಿಲ್ಲಿಸ್ಬೇಕು ಕಣೇ. ಮೇಡಂಗೆ ಫೋನ್ ಮಾಡಿ ಏನು ಹೇಳ್ಲಿ?’

‘ಏನೂ ಏಳ್ಬೇಡಿ. ನಾನು ಸೋಮ್ವಾರನೇ ಮಾಡಿದ್ದೆ’ ಎಂದಳು, ಸಾರು ಬಡಿಸುತ್ತಾ.

‘ಏನಂತ?’

‘ನಮ್ಮನೆಯವ್ರು ಇನ್ನೂ ಎಲ್ಡು ಟೆಸ್ಟ್ ಇಟ್ಟಿದ್ರು, ಯಾರೂ ಕಂಡಿಡೀಲಿಲ್ಲ, ಸರಿಯಾದ್ದು ಇಂಗೆ ಬರ್ಕಳಿ ಅಂದ್ರು, ಅಂತ ಏಳ್ದೆ. ಮೇಡಮ್ಮೋರು ಬೋ ಕುಸಿಪಟ್ರು.’

‘ಏನೇನು ಬರೆಸ್ದೆ?’ ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ಮುದ್ದೆಯ ಜೊತೆ ನುಂಗಿದೆ. ಅವಳು ಇನ್ನೊಂದು ಸೌಟು ಸಾರು ಹಾಕಿದಳು.

ಬುಧವಾರ ಬೋರ್ಡು ನೆಟ್ಟರೆಂದು ಗೊತ್ತಾಯಿತು. ಗುರುವಾರ ಬೆಳಿಗ್ಗೆ ಬೇರೆ ಯಾರೂ ವಾಕಿಂಗಿಗೆ ಬರುವ ಮುಂಚೆ ಪಾರ್ಕಿನ ಗೇಟಿಗೆ ಹೋದೆ. ಐದು ಫೋಟೋ, ಐದು ಹೆಸರು. ಕೆಳಗೆ ದಪ್ಪಕ್ಷರದಲ್ಲಿ ‘ಗುರುತಿಸಿದವರು: ಶ್ರೀ ಮುನಿರಾಜು’. ಬಿಳಿ ಹೂವಿನ ಕೆಳಗೆ ಬಿಳಿ ಮುಸಲಿ ಎಂದಿತ್ತು. ಹಳದಿ ಹೂವಿನ ಕೆಳಗೆ ಕರಿ ಮುಸಲಿ ಎಂದಿತ್ತು. ಕರಿಯ ಬಣ್ಣ ಹೂವಿನದಲ್ಲ, ನೆಲದೊಳಗಿನ ಗೆಡ್ಡೆಯದು ಎಂಬ ವಿವರವೂ ಇತ್ತು. ಬೆರಳಿಟ್ಟು ಎರಡು ಸಲ ಓದಿದೆ. ತುಟಿಯಲ್ಲೇ ಬಾಯಿಪಾಠ ಮಾಡಿಕೊಳ್ಳುತ್ತಿದ್ದಾಗ ಮಂಕಿ ಟೋಪಿಯ ಹಿರಿಯರೊಬ್ಬರು ವಾಕಿಂಗಿಗೆ ಬಂದು ಪಕ್ಕದಲ್ಲಿ ನಿಂತರು. ಕನ್ನಡಕ ಏರಿಸಿ ಬೋರ್ಡನ್ನೊಮ್ಮೆ ನೋಡಿ, ನನ್ನನ್ನು ಕೇಳಿದರು:

‘ಏನಪ್ಪಾ, ಇದೆಲ್ಲಾ ನಿಜಾನಾ?’

‘ನಿಜ ಸಾರ್’ ಎಂದೆ. ‘ನಾನೂ ಈಗ್ತಾನೇ ಓದ್ದೆ.’